ಗಿರಣಿಯಿಂದ ಕಂಬಕ್ಕೆ

ನಮ್ಮ ಓಣಿಯ ಗಾಡಿ ಗೆದ್ದು ಒಂಬತ್ತು ವರ್ಷವಾಯಿತು. ಆದ್ದರಿಂದ ನಮ್ಮ ಓಣಿಯಲ್ಲಿ ಮುಂಜಾನೆಯ ಚಹಾ ಮಧ್ಯಾಹ್ನಕ್ಕೆ ಆಗುತ್ತದೆ. ಬೆಳಗಿನ ಬಸ್ಸು ಹಿಡಿಯಬೇಕಾದವರು ಹಿಂದಿನ ದಿನ ಸಂಜೆಯೇ ಮನೆ ಬಿಡುತ್ತಾರೆ. ನಮ್ಮ ಕ್ಷೌರದ ಅಂಗಡಿಯಲ್ಲಿ ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಇನ್ನೊಂದು ಕೆನ್ನೆಯಲ್ಲಿ ಗಡ್ಡ ಉದ್ದವಾಗಿರುತ್ತದೆ ಎಂದು ಮೇಲಿನ ಓಣಿಯವರು ಗೇಲಿ ಮಾಡುತ್ತಾರೆ. ಮಾಡಲಿ. ಅವರು ಹೋದ ವರ್ಷ ಗೆದ್ದವರು, ಅವರಿಗೆ ಸಮಯ ಮಿಕ್ಕಿದೆ.

ಗಾಡಿ ಎಂದರೆ ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ತಗ್ಗಾದ, ಟಾಪಿಲ್ಲದ ಸ್ಪೋರ್ಟ್ಸ್ ಕಾರು. ಊರಿನಲ್ಲಿ ಐದು ಓಣಿ, ಓಣಿಗೊಂದು ಗಾಡಿ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಹನ್ನೆರಡು ತಾಸು ಅವು ಊರನ್ನು ಬಳಸಿ ಹೋಗುವ ರಸ್ತೆಯಲ್ಲಿ ಸುತ್ತು ಹಾಕುತ್ತವೆ. ಹೆಚ್ಚು ಸುತ್ತು ಹಾಕಿದ ಗಾಡಿ ಗೆದ್ದಂತೆ; ಸುತ್ತು ಸಮವಾದರೆ ಮೊದಲು ಮುಗಿಸಿದ್ದು. ನಾನು ಕೆಳಗಿನ ಓಣಿಯ ಗಾಡಿಯ ಮಿಸ್ತ್ರಿ, ಹೆಸರು ಬಸಲಿಂಗ. ಇಪ್ಪತ್ತಾರು ವರ್ಷದಿಂದ ಅದೇ ಗಾಡಿಯ ಕೆಳಗೆ ಮಲಗಿದ್ದೇನೆ. ಹೆಂಡತಿಯ ಪಕ್ಕದಲ್ಲಿ ಮಲಗಿದ್ದಕ್ಕಿಂತ ಅದೇ ಹೆಚ್ಚು ಎಂದು ಅವಳೇ ಅನ್ನುತ್ತಾಳೆ.

ಗಾಡಿಗೆ ಹೊಸದೇನಾದರೂ ಹಾಕಿ ಓಟ ಹೆಚ್ಚಿಸಬೇಕೆಂದರೆ ಆ ಓಟವನ್ನು ಓಣಿಯ ಯಾರಾದರೊಬ್ಬರು ಕೊಡಬೇಕು. ಕೊಡುವವರು ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ನಾನು ಕೊನೆಯ ನಟ್ಟು ಬಿಗಿಯುತ್ತೇನೆ. ಗಾಡಿ ಸುತ್ತಿಗೆ ಒಂದೋ ಎರಡೋ ಸೆಕೆಂಡು ಚುರುಕಾಗುತ್ತದೆ, ಅವರು ಮನೆಗೆ ನಿಧಾನವಾಗಿ ನಡೆದು ಹೋಗುತ್ತಾರೆ. ಈ ನಿಧಾನ ಕೈಕಾಲಿಗೆ ಮಾತ್ರ, ನಾಲಿಗೆಗಿಲ್ಲ. ನಾಲಿಗೆಗೂ ಇದ್ದಿದ್ದರೆ ನಮ್ಮ ಊರು ಎಂದೋ ತಣ್ಣಗಾಗಿ ಸುಖವಾಗಿರುತ್ತಿತ್ತು. ಗೆದ್ದ ಓಣಿಯವರಿಗೆ ಮಾತ್ರ, ಹಿಂದಿನ ಗೆಲುವಿನಿಂದ ಈಚೆಗೆ ಕೊಟ್ಟದ್ದೆಲ್ಲ ಅದೇ ಸಂಜೆ ಮರಳಿ ಬರುತ್ತದೆ. ಒಂಬತ್ತು ವರ್ಷದ ಹಿಂದೆ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುದುಕರು ಕೈಗಳು ತಮ್ಮವೇ ಎಂದು ನಂಬಲಾಗದೆ ಚಪ್ಪಾಳೆ ತಟ್ಟಿ ತಟ್ಟಿ ನೋಡುತ್ತಿದ್ದರು. ಸೋತ ಓಣಿಗಳಿಗೆ ಏನೂ ಬರುವುದಿಲ್ಲ. ಅವರು ಮುಂದಿನ ಸಲ ಗೆಲ್ಲಬೇಕು, ಗೆಲ್ಲಲು ಇನ್ನಷ್ಟು ಕೊಡಬೇಕು.

ಹೀಗೇ ಬಿಟ್ಟರೆ ಊರಿಗೆ ಊರೇ ಕಲ್ಲಾಗಿ ನಿಂತೀತು ಎಂದು ಪಂಚರ ಸಮಿತಿ ಒಂದು ಮಿತಿ ಹಾಕಿತು. ಅಂಚೆ ಕಚೇರಿಯ ಮುಂದಿನ ಕಬ್ಬಿಣದ ಕಂಬದಿಂದ ಹಿಟ್ಟಿನ ಗಿರಣಿಯ ಬಾಗಿಲಿಗೆ ನೂರು ಹೆಜ್ಜೆ. ಕೊಡುವವರು ಮೊದಲು ಅದನ್ನು ನಡೆದು ತೋರಿಸಬೇಕು. ಎರಡು ನಿಮಿಷ ದಾಟಿದರೆ ಅವರಿಂದ ತೆಗೆಯುವಂತಿಲ್ಲ. ಮಿತಿಯ ಬೆನ್ನಿಗೇ ಅದನ್ನು ದಾಟುವ ಉಪಾಯಗಳೂ ಬಂದವು. ಒಂದು ಓಣಿಯವರು ಎತ್ತಿನಿಂದ ತೆಗೆದರು. ಆ ಎತ್ತು ಎಳೆಯುತ್ತಿದ್ದ ಹಾಲಿನ ಬಂಡಿ ಇನ್ನೂ ಡೇರಿ ಮುಟ್ಟಿಲ್ಲ. ಇನ್ನೊಂದು ಓಣಿಯವರು ದೀಪಾವಳಿಗೆ ಬಂದ ಅಳಿಯಂದಿರನ್ನು ನಿಲ್ಲಿಸಿ ತೆಗೆದರು; ಯುಗಾದಿಯಾದರೂ ಅಳಿಯಂದಿರು ಬಸ್ ಸ್ಟ್ಯಾಂಡ್ ಸೇರಲಿಲ್ಲ. ಸಮಿತಿ ವರ್ಷ ವರ್ಷ ಹೊಸ ಕಲಮು ಸೇರಿಸುತ್ತದೆ, ನಾವು ವರ್ಷ ವರ್ಷ ಅದರ ಸಂದು ಹುಡುಕುತ್ತೇವೆ. ಅಳೆಯುವ ಕೆಲಸ ಗುಂಡೋಪಂತ ಮಾಸ್ತರರದ್ದು. ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡು ತಿರುಗುವ, ಯಾರ ಮನೆಯಲ್ಲೂ ಚಹಾ ಕುಡಿಯದ ಮನುಷ್ಯ.

ನನ್ನ ಹೆಂಡತಿ ನೀಲವ್ವ ಕಚೇರಿಯ ಮುಂದೆ ಕೂತು ಅರ್ಜಿ ಟೈಪ್ ಮಾಡುವವಳು. ಟೈಪ್‌ರೈಟರಿನ ಮೇಲೆ ಅವಳ ಬೆರಳು ಓಡುವುದನ್ನು ನೋಡಲೆಂದೇ ಜನ ಬೇಡದ ಅರ್ಜಿ ಬರೆಸುತ್ತಿದ್ದ ಕಾಲವೊಂದಿತ್ತು. ನಾನೂ ಹಾಗೆ ಮೂರು ಅರ್ಜಿ ಬರೆಸಿ, ನಾಲ್ಕನೆಯ ಸಲ ಮದುವೆಯ ಮಾತು ತೆಗೆದವನು. ಈ ಒಂಬತ್ತು ವರ್ಷದಲ್ಲಿ ಅವಳು ಏಳು ಸಲ ಕೊಟ್ಟಿದ್ದಾಳೆ. ಬ್ರೇಕಿನ ಹೊಸ ಡ್ರಮ್ಮು, ದೊಡ್ಡ ರೇಡಿಯೇಟರು, ಹಗುರಾದ ಬಾಗಿಲುಗಳು, ಎಲ್ಲದರಲ್ಲೂ ಅವಳ ಪಾಲಿದೆ. ಈಗ ‘ಮಾನ್ಯರೇ’ ಎಂದು ಟೈಪ್ ಮಾಡುವುದರಲ್ಲಿ ಅವಳಿಗೆ ಒಂದು ಬೆಳಗು ಕಳೆಯುತ್ತದೆ. ಅರ್ಜಿದಾರರು ಅರ್ಜಿ ಹೇಳಿ ಹೋಗಿ, ಬಿತ್ತನೆ ಮುಗಿಸಿ ಬರುತ್ತಾರೆ.

ಗಾಡಿ ಓಡಿಸುವವಳು ಶಿವಲೀಲಾ, ನಮ್ಮ ಮನೆಯಿಂದ ಮೂರನೆಯ ಮನೆಯವಳು. ಅವಳ ತಾಯಿ ಸಂಗವ್ವ ಎರಡು ವರ್ಷದ ಹಿಂದೆ, ಓಟದ ದಿನ, ನೂರು ಹೆಜ್ಜೆಯನ್ನು ನೂರಾ ಹದಿನಾರು ಸೆಕೆಂಡಿನಲ್ಲಿ ನಡೆದು ತೋರಿಸಿದ್ದಳು. ಮಿತಿಯ ಒಳಗೇ ಇದ್ದಳು. ನಾನು ನಟ್ಟು ಬಿಗಿದೆ. ಸಂಗವ್ವನಿಗೆ ಮನೆ ಮುಟ್ಟಲು ಮೂರು ದಿನ ಹಿಡಿಯಿತು. ಈಗ ಅವಳು ಪಡಸಾಲೆಯಲ್ಲಿ ಕೂತಿರುತ್ತಾಳೆ. ಸೋಮವಾರ ಎತ್ತಿದ ಲೋಟ ಬುಧವಾರ ತುಟಿಗೆ ತಲುಪುತ್ತದೆ, ನಾಲಿಗೆ ಕೂಡ ನಿಂತಿದೆ. ಮಿತಿಯೊಳಗಿದ್ದವಳಿಗೆ ಹೀಗೇಕಾಯಿತೆಂದು ಯಾರಿಗೂ ತಿಳಿಯಲಿಲ್ಲ. ಏನೋ ಬೇರೆ ಕಾಯಿಲೆ ಇದ್ದೀತು ಎಂದರು. ನಾನೂ ಹಾಗೇ ಅಂದೆ. ಗೆದ್ದರೆ ತಾಯಿ ಎದ್ದು ಬರುತ್ತಾಳೆ ಎಂಬುದೊಂದೇ ಶಿವಲೀಲಾಳ ಲೆಕ್ಕ.

ಈ ವರ್ಷದ ಓಟಕ್ಕೆ ಮೂರು ವಾರ ಇರುವಾಗ ದಾದಾಪೀರ್ ಗ್ಯಾರೇಜಿಗೆ ಬಂದರು. ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು, ನಮ್ಮ ಗಾಡಿಯ ಉಸ್ತುವಾರಿ ಅವರದೇ. ಹಳೆಯ ಧೋತರದಲ್ಲಿ ಸುತ್ತಿದ ಗಂಟನ್ನು ಬೆಂಚಿನ ಮೇಲಿಟ್ಟು ಬಿಚ್ಚಿದರು. ಒಳಗೆ ಜೋಡಿ ಕಾರ್ಬ್ಯುರೇಟರ್ ಇತ್ತು.

“ಸುತ್ತಿಗೆ ಎರಡು ಸೆಕೆಂಡ್, ಬಸಲಿಂಗಪ್ಪ,” ಎಂದರು. “ಇನ್ನೂರು ಸುತ್ತಿಗೆ ನಾನೂರು ಸೆಕೆಂಡ್. ಮ್ಯಾಲಿನ ಓಣ್ಯಾವ್ರಿಗೂ ನಮಗೂ ಅಷ್ಟ ಐತಿ ಫರಕು.”

“ಹನ್ನೆರಡು ತಾಸಿನ ಓಟರಿ ಇದು. ಬರೇ ಜೋರು ಓಡಿದ್ರ ಆಗೂದಿಲ್ಲ, ಕಡೀತನಕ ತಾಳಬೇಕು,” ಎಂದೆ. “ಬ್ರೇಕ್ ಉಳಿಸೂಣು. ಟಯರಿಗೆ ಒಂದು ಸಲ ಕಡಿಮಿ ನಿಲ್ಲೂಣು. ಅದರಾಗ ನೂರೈವತ್ತು ಸೆಕೆಂಡ್ ಸಿಗತೈತಿ, ಯಾರೂ ಏನೂ ಕೊಡಬೇಕಾಗಿಲ್ಲ.”

“ಅದನ್ನೂ ಮಾಡೂಣು, ಇದನ್ನೂ ಹಾಕೂಣು.”

“ಯಾರ ಕೊಡತಾರ ಇದಕ್ಕ?”

ದಾದಾಪೀರ್ ಸ್ವಲ್ಪ ಹೊತ್ತು ಕಾರ್ಬ್ಯುರೇಟರ್ ಒರೆಸಿದರು. ಓಣಿಯಲ್ಲಿ ಎಲ್ಲರೂ ಎರಡು ನಿಮಿಷದ ಗೆರೆಗೆ ಅಂಟಿಕೊಂಡಿದ್ದರು. ಹೋದ ವರ್ಷದ ಅಳತೆಯಲ್ಲಿ ಗೆರೆಯಿಂದ ದೂರ ಇದ್ದವಳು ಒಬ್ಬಳೇ, ನೂರಾ ಎಂಟು ಸೆಕೆಂಡಿನ ನೀಲವ್ವ.

“ನನ್ನಿಂದ ತಗೋರಿ,” ಎಂದೆ.

“ಮಿಸ್ತ್ರಿ ಕಡಿಂದ ತಗೊಳ್ಳೂಹಂಗಿಲ್ಲ, ಗೊತ್ತಿಲ್ಲೇನ ನಿನಗ? ನಿನ್ನ ಕೈ ನಿಧಾನ ಆದ್ರ ಟಯರ್ ಯಾರ ಬಿಚ್ಚವರು? ನೀಲವ್ವನ ನಾ ಕೇಳೀನಿ. ಆಕಿ ಹೂಂ ಅಂದಾಳ.”

ನನ್ನನ್ನು ಕೇಳುವ ಮೊದಲೇ ಅವಳನ್ನು ಕೇಳಿದ್ದರು. ಅದರಲ್ಲಿ ತಪ್ಪಿಲ್ಲ, ಕೊಡುವವಳು ಅವಳು. ಆದರೂ ನನಗೆ ಸಿಟ್ಟು ಬಂತು, ಬಂದ ಸಿಟ್ಟನ್ನು ಇಡೀ ದಿನ ಗೇರ್‌ಬಾಕ್ಸಿನ ಮೇಲೆ ತೀರಿಸಿಕೊಂಡೆ.

ಮರುವಾರ ಒಂದು ಮಧ್ಯಾಹ್ನ ಕನ್ನಡಕ ಮರೆತಿದ್ದೆನೆಂದು ಮನೆಗೆ ಬಂದೆ. ಮನೆಯಲ್ಲಿ ನೀಲವ್ವ ಇರಲಿಲ್ಲ. ಹಿತ್ತಲ ಬಾಗಿಲಿಂದ ಇಣುಕಿದರೆ, ಕನ್ನಡ ಶಾಲೆಯ ಹಿಂದಿನ ಸಂದಿಯಲ್ಲಿ ನಮ್ಮ ಓಣಿಯ ಮೂವರು ಹೆಂಗಸರು ನಿಂತಿದ್ದರು. ನೆಲದ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದರು. ನೀಲವ್ವ ಸೆರಗು ಸಿಕ್ಕಿಸಿ, ಉಸಿರು ಹಿಡಿದು, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ನಡೆದಳು. ಎಷ್ಟು ಚೆನ್ನಾಗಿ ನಡೆದಳೆಂದರೆ ನನಗೆ ನಗು ಬಂತು. ಈ ಹೆಜ್ಜೆಯನ್ನು ನಾನು ಮನೆಯಲ್ಲಿ ನೋಡಿ ಎಷ್ಟು ವರ್ಷವಾಗಿತ್ತು! ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೊದಲಿನ ಗೆರೆಗೆ ಹೋಗಲು ಹಿಂದೆ ತಿರುಗಿದಳು.

ತಿರುಗುವುದಕ್ಕೇ ಬಹಳ ಹೊತ್ತು ಹಿಡಿಯಿತು. ಒಂದು ಕಾಲು ಎದ್ದಿತು, ನೆಲಕ್ಕೆ ಬರುವುದನ್ನು ಮರೆತಂತೆ ನಿಂತಿತು, ಆಮೇಲೆ ಬಂತು. ನಾನು ಒಳಗೆ ಹೋಗಿ ಕನ್ನಡಕ ಹುಡುಕಿ, ನೀರು ಕುಡಿದು, ಮತ್ತೆ ಬಾಗಿಲಿಗೆ ಬಂದೆ. ಅವಳು ಅರ್ಧ ದಾರಿಗೂ ಬಂದಿರಲಿಲ್ಲ. ವರ್ಷವೆಲ್ಲ ಅವರು ಆ ನೂರು ಹೆಜ್ಜೆಯನ್ನಷ್ಟೇ ರೂಢಿ ಮಾಡುತ್ತಿದ್ದರು. ಅವರ ಕಾಲು ಹೋಗುವುದನ್ನು ಕಲಿತಿತ್ತು. ಬರುವುದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅದನ್ನು ಕಲಿತಿರಲಿಲ್ಲ. ಸಂಗವ್ವನಿಗೆ ಯಾವ ಕಾಯಿಲೆಯೂ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಸಂಜೆ ನೀಲವ್ವನಿಗೆ ನೋಡಿದ್ದನ್ನು ಹೇಳಿದೆ. ಅವಳು ಗಾಬರಿಯಾಗಲಿಲ್ಲ.

“ನೀವು ಇವತ್ತ ನೋಡಿದ್ರಿ. ನಾವು ನಾಕ್ ವರ್ಷದಿಂದ ಮಾಡಾಕತ್ತೀವಿ,” ಎಂದಳು. “ಯಾರ ಮುಂದೂ ಆಡಬ್ಯಾಡ್ರಿ.”

“ಸಂಗವ್ವ ಹಂಗ ನಡದಾ ಹಿಂಗಾದ್ಲು, ನೀಲಾ. ಇನ್ನ ಒಂದು ಸಲ ಕೊಟ್ಟಿ ಅಂದ್ರ ನೀನೂ...”

“ಗೆದ್ರ?”

“ಸೋತ್ರ?”

“ಗೆದ್ರ ಅಂತ ಕೇಳಿದೆ. ಏಳು ಸಲದ್ದು ಐತ್ರಿ ನಂದು ಅದರಾಗ. ಈಗ ಬಿಟ್ರ ಅದೆಲ್ಲಾ ನೀರಾಗ ಹೋತು. ಉಳದದ್ದು ಹಿಡಕೊಂಡು ನಾ ಏನ್ ಮಾಡ್ಲಿ, ದಿನಕ್ಕೊಂದ್ ಅಕ್ಷರ ಬಡೀಲಿ? ನನಗ ನನ್ನ ಕೈ ವಾಪಸ್ ಬೇಕು.”

ಅವಳು ತಟ್ಟೆಗೆ ಕೈ ಚಾಚಿದಳು, ಆ ಕೈ ಹೋಗುತ್ತಲೇ ಇತ್ತು. ನಾನು ಎದ್ದು ತಟ್ಟೆಯನ್ನು ಹತ್ತಿರ ಸರಿಸಿದೆ. ಅದಕ್ಕೂ ಸಿಟ್ಟಾದಳು. ಮುಂದಿನ ಎರಡು ವಾರ ನಾನು ಕೆಲಸ ಮಾಡಿದೆ, ಉಂಡೆ, ಮಲಗಿದೆ, ಯಾರಿಗೂ ಏನೂ ಹೇಳಲಿಲ್ಲ. ಇಷ್ಟು ದಣಿವು ನನಗೆ ಎಂದೂ ಆಗಿರಲಿಲ್ಲ.

ಓಟದ ದಿನ ಬೆಳಿಗ್ಗೆ ಆರಕ್ಕೆ ಗಾಡಿಯನ್ನು ಗಿರಣಿಯ ಬಾಗಿಲಿಗೆ ತಳ್ಳಿಕೊಂಡು ಬಂದೆವು. ರೂಢಿ ಹಾಗಿದೆ. ಕಂಬದಿಂದ ನಡೆದು ಬಂದವರು ಗಿರಣಿಯ ಮುಂದೆ ಅಲ್ಲಿಗಲ್ಲೇ ಗಾಡಿಯ ಮೇಲೆ ಕೈ ಇಟ್ಟು ಕೊಟ್ಟುಬಿಡುತ್ತಾರೆ. ಆಮೇಲೆ ಅವರು ಮನೆಗೆ ಹೋಗುವಾಗ ಎಷ್ಟು ನಿಧಾನವಾದರೂ, ಈಗಷ್ಟೇ ಕೊಟ್ಟವರಲ್ಲವೇ ಎಂದು ಜನ ದಾರಿ ಬಿಡುತ್ತಾರೆ. ಹೀಗಾಗಿ ಕೊಡುವ ಮೊದಲು ಯಾರೊಬ್ಬರೂ ಕಂಬಕ್ಕೆ ತಿರುಗಿ ಹೋದದ್ದನ್ನು ಊರು ಕಂಡಿರಲಿಲ್ಲ. ಕಾರ್ಬ್ಯುರೇಟರ್ ಕೂಡಿಸಿ ಆಗಿತ್ತು, ಕೊನೆಯ ನಟ್ಟು ಸಡಿಲವಿತ್ತು, ಅದನ್ನು ಬಿಗಿಯುವ ಪಾನಾ ನನ್ನ ಕೈಯಲ್ಲಿತ್ತು. ಶಿವಲೀಲಾ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕೂತಿದ್ದಳು.

ಮಾಸ್ತರರು ಶಿಳ್ಳೆ ಊದಿದರು. ನೀಲವ್ವ ಕಂಬ ಬಿಟ್ಟು ಹೊರಟಳು. ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ನೂರಾ ಏಳು ಸೆಕೆಂಡು. ಓಣಿಯವರು ಕೂಗಿ ಚಪ್ಪಾಳೆ ಹೊಡೆದರು. ಮೇಲಿನ ಓಣಿಯ ಕೆಲವರೂ ಹೊಡೆದರು. ಅವಳು ಮಡ್‌ಗಾರ್ಡಿನ ಹತ್ತಿರ ಬಂದು ನಿಂತು, ಏದುಸಿರು ಬಿಡುತ್ತ, ನನ್ನನ್ನು ನೋಡಿ ನಕ್ಕಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

“ಮಾಸ್ತರ, ಆಕಿನ್ನ ಇನ್ನೊಮ್ಮೆ ನಡಸ್ರಿ,” ಎಂದೆ. “ಸಂಶೆ ಬಂದ್ರ ಇನ್ನೊಮ್ಮೆ ನಡಸೂ ಅಧಿಕಾರ ಐತಿ ನಿಮಗ.”

“ಯಾರಿಗದ ಸಂಶಯ?”

“ನನಗೈತ್ರಿ.”

ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. “ನೀನು ಆಕೀ ಗಂಡ ಇದ್ದಿ.”

“ಹೌದ್ರಿ. ಇನ್ನೊಮ್ಮೆ ನಡೀಬೇಕಂದ್ರ ಮೊದಲ ಕಂಬಕ್ಕ ಹೋಗಬೇಕಲ್ರಿ. ಅದನ್ನ ಅಳೀರಿ.”

ದಾದಾಪೀರ್ ನನ್ನ ತೋಳು ಹಿಡಿದರು. “ಏ ಬಸಲಿಂಗ, ತಲಿ ಗಿಲಿ ಕೆಟ್ಟೈತೇನ?” ಎಂದರು. ಮಾಸ್ತರರು ಅಷ್ಟರಲ್ಲಿ ಅರ್ಥ ಮಾಡಿಕೊಂಡಿದ್ದರು. ಮೂವತ್ತು ವರ್ಷ ಅಳೆದ ಮನುಷ್ಯ. ಅವರ ಮುಖ ಬಿಳಿಚಿಕೊಂಡಿತು. ಆದರೆ ಅವರು ಸ್ಟಾಪ್‌ವಾಚ್ ಒತ್ತಿದರು. “ಕಂಬಕ್ಕ ಹೋಗ್ರಿ, ನೀಲವ್ವ,” ಎಂದು ಮೆಲ್ಲಗೆ ಹೇಳಿದರು.

ಅವಳು ನನ್ನನ್ನು ಒಂದು ಸಲ ನೋಡಿದಳು, ಈಗ ನಗುತ್ತಿರಲಿಲ್ಲ. ಒಲ್ಲೆ ಎನ್ನಬಹುದಿತ್ತು. ಅನ್ನಲಿಲ್ಲ, ತಿರುಗಿ ಹೊರಟಳು. ಮೊದಲ ಹತ್ತು ಹೆಜ್ಜೆಗೆ ಜನ ಮಾತಾಡುತ್ತಿದ್ದರು. ಇಪ್ಪತ್ತನೆಯ ಹೆಜ್ಜೆಗೆ ಮಾತು ನಿಂತಿತು. ಹಸಿರು ಸೀರೆಯ ಬೆನ್ನು ನಮ್ಮ ಕಣ್ಣ ಮುಂದೆ ಇದ್ದಲ್ಲೇ ಇತ್ತು. ಯಾರೋ ಹೆಂಗಸು ಅತ್ತಳು, ನಮ್ಮ ಓಣಿಯವಳೇ. ನೀಲವ್ವ ಅವಸರ ಮಾಡಲು ನೋಡಿದಳು, ಭುಜ ಮುಂದೆ ಹೋಯಿತು, ಕಾಲು ಬರಲಿಲ್ಲ. ಓಡಿ ಹೋಗಿ ಅವಳನ್ನು ಎತ್ತಿಕೊಂಡು ಬರಬೇಕೆನಿಸಿತು. ಪಾನಾ ಹಿಡಿದು ನಿಂತೇ ಇದ್ದೆ. ಅವಳು ಕಂಬ ಮುಟ್ಟಿದಾಗ ಐದು ನಿಮಿಷ ಹದಿಮೂರು ಸೆಕೆಂಡು ಆಗಿತ್ತು.

“ಕಾರ್ಬ್ಯುರೇಟರ್ ಬಿಚ್ಚು,” ಎಂದರು ಮಾಸ್ತರರು. “ಹಳೀದು ಹಾಕ್ಕೊಂಡು ಓಡಸ್ರಿ.” ಆಮೇಲೆ ಅವರು ಗಿರಣಿಯ ಕಟ್ಟೆಯ ಮೇಲೆ ಕೂತು, ಕೊರಳಿನ ಸ್ಟಾಪ್‌ವಾಚ್ ತೆಗೆದು ಜೇಬಿಗೆ ಹಾಕಿಕೊಂಡರು. ಇನ್ನುಳಿದ ಓಣಿಗಳು ಕೊಡುವುದನ್ನು ಆಗಲೇ ಮುಗಿಸಿದ್ದವು, ಅವರನ್ನು ತಿರುಗಿ ನಡೆಸಿ ನೋಡುವಂತಿರಲಿಲ್ಲ.

ನಾನು ಬಿಚ್ಚಿದೆ. ಹಳೆಯದನ್ನು ಕೂಡಿಸುವಾಗ ಶಿವಲೀಲಾ ಸೀಟಿನಿಂದಲೇ, ಯಾರಿಗೂ ಕೇಳದಂತೆ ಹೇಳಿದಳು: “ಕಾಕಾ, ನಮ್ಮವ್ವನ್ನ ಯಾರೂ ಹಂಗ ಅಳೀಲಿಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅವತ್ತು ಅವಳು ಓಡಿಸಿದಂತೆ ಯಾರೂ ಓಡಿಸಿದ್ದನ್ನು ನಾನು ಕಂಡಿಲ್ಲ. ಬ್ರೇಕು ಉಳಿಸಿದಳು, ಟಯರು ಉಳಿಸಿದಳು. ಬೇರೆಯವರು ಐದು ಸಲ ನಿಂತ ಕಡೆ ನಾಲ್ಕು ಸಲ ನಿಂತಳು. ನಾನೂ ದಾದಾಪೀರರೂ ಪೆಟ್ರೋಲು ಸುರಿದೆವು, ಟಯರು ಬಿಚ್ಚಿದೆವು, ಹಾಕಿದೆವು. ಮಧ್ಯಾಹ್ನದ ಬಿಸಿಲಿಗೆ ಎರಡು ಗಾಡಿ ಕುದ್ದು ನಿಂತವು. ಐದು ಗಂಟೆಗೆ ಮೇಲಿನ ಓಣಿಯ ಗಾಡಿ ಹೊಗೆ ಉಗುಳತೊಡಗಿತು. ಆರಕ್ಕೆ ಅದು ನಮಗಿಂತ ಮೂರು ನಿಮಿಷ ಮುಂದಿತ್ತು, ಆರೂವರೆಗೆ ಒಂದೂವರೆ ನಿಮಿಷ. ಓಣಿಯವರು ಬೆಳಿಗ್ಗೆ ಆದದ್ದನ್ನು ಮರೆತು ಬೇಲಿ ಹಿಡಿದು ಕೂಗಿದರು. ನಾನು ದೇವರನ್ನು ನಂಬುವವನಲ್ಲ, ಆದರೂ ಕೈ ಮುಗಿದುಕೊಂಡೇ ನಿಂತಿದ್ದೆ. ಗೆದ್ದರೆ ಎಲ್ಲ ಸರಿಹೋಗುತ್ತದೆ, ನಾನು ಮಾಡಿದ್ದೂ ಸರಿಯಾಗುತ್ತದೆ.

ನಲವತ್ತು ಸೆಕೆಂಡಿನಲ್ಲಿ ಸೋತೆವು.

ಆ ಕಾರ್ಬ್ಯುರೇಟರ್ ನಾನೂರು ಸೆಕೆಂಡು ಕೊಡುತ್ತಿತ್ತು. ಈ ಲೆಕ್ಕ ಮಾಡಲು ಯಾರಿಗೂ ಶಾಲೆ ಕಲಿತಿರಬೇಕಾಗಿರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬೊಬ್ಬರಾಗಿ ಮನೆ ಕಡೆ ಹೊರಟರು, ನಮ್ಮವರು ಹೊರಡುವುದೆಂದರೆ ಅದೇ ಒಂದು ಮೆರವಣಿಗೆ. ಶಿವಲೀಲಾ ಗಾಡಿಯಿಂದ ಇಳಿದು, ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು, ತಾಯಿಗೆ ಉಣಿಸುವ ಹೊತ್ತಾಯಿತೆಂದು ಎಲ್ಲರನ್ನೂ ದಾಟಿ ಓಡಿದಳು.

ನೀಲವ್ವ ಬೆಳಿಗ್ಗೆಯಿಂದ ಅಂಚೆ ಕಚೇರಿಯ ಮೆಟ್ಟಿಲ ಮೇಲೇ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಏನು ಹೇಳಬೇಕೆಂದು ಹನ್ನೆರಡು ತಾಸು ಯೋಚಿಸಿದ್ದೆ. ಹೊಳೆದದ್ದು “ಏಳು, ಹೋಗೂಣು” ಎಂಬುದಷ್ಟೇ. ಅವಳು ಎದ್ದಳು. ಇಬ್ಬರೂ ಮನೆಯ ದಾರಿ ಹಿಡಿದೆವು. ನಾನು ಅವಳ ಹೆಜ್ಜೆಗೆ ಹೆಜ್ಜೆ ಇಟ್ಟು ನಡೆದೆ. ಸುಲಭವಲ್ಲ ಅದು, ಎತ್ತಿದ ಕಾಲನ್ನು ಎತ್ತಿಯೇ ಹಿಡಿದಿರಬೇಕು, ತೊಡೆ ನಡುಗುತ್ತದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು.

“ಹಿಂಗ್ಯಾಕ ನಡೀತೀರಿ?” ಎಂದಳು, ನನ್ನ ಕಡೆ ನೋಡದೆ.

“ನಿನ್ನ ಜೋಡಿ.”

“ನೀವು ಒಂದು ಸೆಕೆಂಡೂ ಕೊಟ್ಟಿಲ್ಲ. ಕೊಟ್ಟವರಂಗ ನಡೀಬ್ಯಾಡ್ರಿ ನನ್ನ ಮಗ್ಗಲಕ್ಕ.” ಉಸಿರು ತೆಗೆದುಕೊಂಡಳು. “ಮುಂದ ಹೋಗಿ ಅನ್ನಕ್ಕಿಡ್ರಿ. ಹಸಿವಾಗೇತಿ ನನಗ.”

ನಾನು ಮುಂದೆ ಹೋದೆ. ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಅನ್ನ ಆಯಿತು, ಸಾರು ಕುದಿಯಿತು, ಇಬ್ಬರಿಗೂ ತಟ್ಟೆ ಹಾಕಿದೆ. ಅನ್ನ ಆರಿತು, ಮತ್ತೆ ಬಿಸಿ ಮಾಡಿದೆ. ಬಾಗಿಲಿಗೆ ಬಂದು ನೋಡಿದರೆ ಅವಳು ಓಣಿಯ ತಿರುವಿನಲ್ಲಿ ಕಂಡಳು, ಒಂದು ಕಾಲು ಎತ್ತಿದ್ದಳು. ಇಳಿದು ಹೋಗಿ ಕೈ ಹಿಡಿಯುವಂತಿರಲಿಲ್ಲ. ಹೊಸ್ತಿಲ ಮೇಲೆ ಕೂತು ಅವಳು ಬರುವುದನ್ನು ನೋಡುತ್ತಿದ್ದೆ.